ಘಾರಾಪುರಿಯ ಗುಹೆ, ಅಲಿಬಾಗಿನ ಕಡಲು: ಎರಡನ್ನೂ ಒಂದೇ ದಿನದಲ್ಲಿ ನೋಡಬಹುದೇ?

ಹುಬ್ಬಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಠಾಣೆಗೆ ವರ್ಗವಾಗಿ ಎರಡು ವರ್ಷವಾಯಿತು. ಫೆಬ್ರವರಿಯಲ್ಲಿ ಅತ್ತೆ, ಮಾವ ಹುಬ್ಬಳ್ಳಿಯಿಂದ ಬರುತ್ತಿದ್ದಾರೆ. ಮಾವನವರು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದು ನಿವೃತ್ತರಾದವರು. ಘಾರಾಪುರಿಯ, ಅಂದರೆ ಎಲಿಫೆಂಟಾ ದ್ವೀಪದ, ಗುಹೆಯ ಮೂರು ಮುಖದ ಶಿವನನ್ನು ಪುಸ್ತಕ ನೋಡಿ ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಕಣ್ಣಾರೆ ಒಮ್ಮೆಯೂ ನೋಡಿಲ್ಲ. ಈ ಸಲ ತೋರಿಸಲೇಬೇಕೆಂದು ನನಗೆ ಮನಸ್ಸಾಗಿದೆ.

ಪ್ರವಾಸ ಏರ್ಪಡಿಸುವ ಒಬ್ಬರು ಮಾರ್ಗದರ್ಶಿ ಸಹಿತ ಒಂದು ದಿನದ ಯೋಜನೆ ಹೇಳಿದ್ದಾರೆ. ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಘಾರಾಪುರಿ, ಮಧ್ಯಾಹ್ನ ಹಿಂದಿರುಗಿ ಮಾಂಡ್ವಾ ದೋಣಿ ಹಿಡಿದು ಅಲಿಬಾಗ್, ಅಲ್ಲಿ ಕಡಲ ಕೋಟೆ, ರಾತ್ರಿ ವಾಪಸ್. ಊಟ, ಟಿಕೆಟ್ ಎಲ್ಲ ಸೇರಿದೆ. ಮಾವನವರಿಗೆ 71 ವರ್ಷ, ಎಡ ಮೊಣಕಾಲು ನೋವು. ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಒಂಬತ್ತು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳಿದ್ದಾರೆ. ಹೋಗಿ ಬಂದವರು ದಯವಿಟ್ಟು ಹೇಳಿ. ಮುಂಗಡ ಕಟ್ಟಲೇ?

ಡೊಂಬಿವಲಿ ಕನ್ನಡಿಗ

ಕಟ್ಟಬೇಡಿ ಮೇಡಂ. ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕೋಣ. ಘಾರಾಪುರಿಯ ದೋಣಿಗಳು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಶುರುವಾಗುತ್ತವೆ. ನೀರಿನ ಮೇಲೆ ಒಂದು ಗಂಟೆ. ಇಳಿದ ಮೇಲೆ ಉದ್ದನೆಯ ಕಟ್ಟೆಯ ದಾರಿ, ಆಮೇಲೆ ನೂರಿಪ್ಪತ್ತು ಮೆಟ್ಟಿಲು. ವಯಸ್ಸಾದವರ ಜೊತೆ ಗುಹೆಯ ಬಾಗಿಲು ಮುಟ್ಟುವಾಗ ಹತ್ತೂಮುಕ್ಕಾಲು. ಎರಡು ಗಂಟೆಯಾದರೂ ನೋಡದಿದ್ದರೆ ಹೋಗಿ ಪ್ರಯೋಜನವಿಲ್ಲ. ಇಳಿದು ದೋಣಿ ಹತ್ತಿ ಗೇಟ್‌ವೇ ತಲುಪುವಾಗ ಎರಡೂವರೆ. ಮಾಂಡ್ವಾ ದೋಣಿಗೆ ಕಾಯುವುದು, ಕಡಲು ದಾಟುವುದು, ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಬಸ್. ಅಲಿಬಾಗ್ ಮುಟ್ಟುವಾಗ ಐದು. ಮತ್ತೆ ಸಂಜೆಯ ದೋಣಿಗೆ ಓಡಬೇಕು. ದಿನದಲ್ಲಿ ನಾಲ್ಕು ಸಲ ಕಡಲು ದಾಟಿದ್ದಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು ಮಾತು: ಸೋಮವಾರ ಗುಹೆಗಳಿಗೆ ರಜೆ. ಪ್ರತಿ ವಾರ ಯಾರೋ ಒಬ್ಬರು ಸೋಮವಾರವೇ ಹೋಗಿ ಗೇಟ್‌ವೇಯಲ್ಲಿ ಸಪ್ಪೆ ಮುಖ ಹಾಕಿಕೊಂಡು ನಿಂತಿರುತ್ತಾರೆ.

ಎರಡು ಮಕ್ಕಳ ತಾಯಿ, ಮೀರಾ ರೋಡ್

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲರಿಗೂ ಎರಡು ದಿನ ಸಿಗುವುದಿಲ್ಲ. ಊರಿನಿಂದ ಹಿರಿಯರು ಬಂದಾಗ ನಮ್ಮವರಿಗೆ ರಜೆ ಸಿಕ್ಕಿದ್ದು ಒಂದು ಭಾನುವಾರ ಮಾತ್ರ. ಇಂಥದ್ದೇ ಒಂದು ಪ್ಯಾಕೇಜಿನಲ್ಲಿ ಹೋದೆವು. ಟಿಕೆಟಿನ ಸಾಲು, ಊಟದ ಹುಡುಕಾಟ, ಭಾಷೆಯ ತೊಡಕು ಯಾವುದೂ ನಮ್ಮ ತಲೆಯ ಮೇಲಿರಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ತಾಯಿ ಹಡಗು ಕಟ್ಟೆಯ ಮೇಲೆ ನಿಂತು ಕಡಲಹಕ್ಕಿಗಳನ್ನು ನೋಡಿದರು. ಗುಹೆ ಪೂರ್ತಿ ನೋಡಲಿಲ್ಲ ಎಂಬ ಕೊರಗು ಅವರಿಗೆ ಈಗಲೂ ಇಲ್ಲ. ಹಾಗಾಗಿ ಪ್ಯಾಕೇಜನ್ನು ಪೂರ್ತಿ ತಳ್ಳಿಹಾಕಬೇಡಿ.

ಕಲ್ಯಾಣದ ಪ್ರಯಾಣಿಕ

ಮೇಡಂ, ನಿಮ್ಮ ತಾಯಿಯವರ ಸಂತೋಷ ದೊಡ್ಡದು, ಒಪ್ಪುತ್ತೇನೆ. ನನ್ನ ಅನುಭವ ಮಾತ್ರ ಕಹಿ. ಹೋದ ವರ್ಷ ಮಾರ್ಗದರ್ಶಿ ಸಹಿತ ಎಂದು ಹಣ ಕೊಟ್ಟೆ. ಬಂದ ಹುಡುಗ ನಲವತ್ತು ಜನರಿಗೆ ಬಾವುಟ ಹಿಡಿದು ನಡೆದ. ಮುಖ್ಯ ಗುಹೆಯೊಳಗೆ ನಮಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಎಲ್ಲರೂ ಸೇರಿ ತೆಗೆಸಿಕೊಂಡ ಫೋಟೋಕ್ಕೆ. "ಬ್ರಹ್ಮ, ವಿಷ್ಣು, ಮಹೇಶ್ವರ, ಮುಂದೆ ನಡೆಯಿರಿ" ಎಂದ. ಮನೆಗೆ ಬಂದು ಓದಿದಾಗ ಗೊತ್ತಾಯಿತು, ಆ ಮೂರೂ ಮುಖ ಶಿವನವೇ! ತಪ್ಪು ಹೇಳಿಸಿಕೊಂಡು ಬರಲು ಹಣ ಕೊಟ್ಟೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಬಾದಾಮಿಯ ಮಾರ್ಗದರ್ಶಿ

ಈ ಚರ್ಚೆಯನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಹತ್ತೊಂಬತ್ತು ವರ್ಷಗಳಿಂದ ಬಾದಾಮಿ, ಐಹೊಳೆಗಳಲ್ಲಿ ಜನರಿಗೆ ಕಲ್ಲು ತೋರಿಸುತ್ತಿದ್ದೇನೆ. ಘಾರಾಪುರಿಗೆ ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಸ್ವಂತ ಖರ್ಚಿನಲ್ಲಿ, ಕಲಿಯುವುದಕ್ಕೆ. ಸೊಸೆಯವರೇ, ನಿಮ್ಮ ಮಾವನವರು ಚಿತ್ರ ಬರೆಯುವವರು. ಅವರಿಗೆ ಮಾರ್ಗದರ್ಶಿಗಿಂತ ಮೊದಲು ಬೇಕಾದದ್ದು ಹೊತ್ತು.

ಯಾಕೆ ಎಂದು ಹೇಳುತ್ತೇನೆ. ಮುಖ್ಯ ಗುಹೆಯ ದೊಡ್ಡ ಬಾಗಿಲು ಉತ್ತರಕ್ಕಿದೆ. ಪೂರ್ವಕ್ಕೂ ಪಶ್ಚಿಮಕ್ಕೂ ಅಂಗಳ ತೆರೆದಿದೆ. ಆ ಮೂರು ಮುಖದ ಶಿವ, ಅಂದರೆ ಸದಾಶಿವನ ಮೂರ್ತಿ ಇರುವುದು ದಕ್ಷಿಣದ ಗೋಡೆಯಲ್ಲಿ, ಆಳವಾಗಿ ಕೊರೆದ ಗೂಡಿನೊಳಗೆ. ಅಂದರೆ ಅದರ ಮೇಲೆ ನೇರ ಬಿಸಿಲು ಬೀಳುವುದೇ ಇಲ್ಲ. ಅಕ್ಕಪಕ್ಕದಿಂದ ಸೋಸಿ ಬಂದ ಬೆಳಕಿನಲ್ಲಿ ಅದನ್ನು ನೋಡಬೇಕು. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಮೊದಲು ಕತ್ತಲೆ. ಕಂಬಗಳ ಸಾಲು ಕಾಣುತ್ತದೆ, ಆಮೇಲೆ ನಡುವಿನ ಮುಖದ ಕೆಳದುಟಿ, ಆಮೇಲೆ ರೆಪ್ಪೆ. ಐದಾರು ನಿಮಿಷ ಅಲುಗಾಡದೆ ನಿಂತರೆ ಮಾತ್ರ ಪಕ್ಕದ ಎರಡು ಮುಖಗಳು ಹೊರಗೆ ಬರುತ್ತವೆ. ಬಾವುಟ ಹಿಡಿದ ಹುಡುಗನ ಹಿಂದೆ ಹೋದವರು ಆ ಹೊತ್ತಿಗೆ ಮೆಟ್ಟಿಲಿಳಿಯುತ್ತಿರುತ್ತಾರೆ.

ಮೂರ್ತಿ ಮೂರು ಆಳಿನೆತ್ತರಕ್ಕೂ ಮೀರಿದ್ದು, ಎದೆಯಿಂದ ಮೇಲಿನ ಭಾಗ ಮಾತ್ರ ಇದೆ. ನಡುವಿನದು ತತ್ಪುರುಷ: ಕಣ್ಣು ಮುಚ್ಚಿದೆ, ಒಂದು ಕೈಯಲ್ಲಿ ಮಾದಳದ ಹಣ್ಣಿದೆ, ಇನ್ನೊಂದು ಕೈ ಮುರಿದಿದೆ. ನಮ್ಮ ಎಡಕ್ಕೆ ಕಾಣುವುದು ಅಘೋರ: ಮೀಸೆ, ಬಿಗಿದ ಹುಬ್ಬು, ಕೈಯಲ್ಲಿ ಹಾವು. ಅವನ ತಲೆಗೂದಲಿನ ನಡುವೆ ಒಂದು ತಲೆಬುರುಡೆ ಇದೆ, ನೂರರಲ್ಲಿ ತೊಂಬತ್ತು ಜನ ಅದನ್ನು ನೋಡದೆ ಬರುತ್ತಾರೆ. ನಮ್ಮ ಬಲಕ್ಕೆ ವಾಮದೇವ, ಹೆಣ್ಣಿನ ಚಹರೆಯ ಮುಖ. ಗುಂಗುರು ಕೂದಲು, ಕೈಯಲ್ಲಿ ತಾವರೆ. ಕಲ್ಯಾಣದ ಸರ್ ಹೇಳಿದ್ದು ಸರಿ, ಇದು ಬ್ರಹ್ಮ ವಿಷ್ಣು ಮಹೇಶ್ವರ ಅಲ್ಲ. ತ್ರಿಮೂರ್ತಿ ಎಂಬ ಹೆಸರು ಬಾಯಿಗೆ ಬಿದ್ದುಹೋಗಿದೆ, ಅಷ್ಟೇ.

ಸದಾಶಿವನ ಎಡಬಲದಲ್ಲಿ ಅರ್ಧನಾರೀಶ್ವರ ಮತ್ತು ಗಂಗಾಧರ. ನಮ್ಮ ಐಹೊಳೆಯ ರಾವಣಫಡಿ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಅಲ್ಲಿಯೂ ಅರ್ಧನಾರಿ ಇದ್ದಾನೆ, ಗಂಗೆಯನ್ನು ಇಳಿಸಿಕೊಂಡ ಶಿವನಿದ್ದಾನೆ, ಕುಣಿಯುವ ಶಿವನಿದ್ದಾನೆ. ಅದೇ ಆರನೆಯ ಶತಮಾನದ ಉಸಿರು. ಕಲ್ಲು ಮಾತ್ರ ಬೇರೆ. ನಮ್ಮದು ಕೆಂಪು ಮರಳುಗಲ್ಲು, ಉಳಿಗೆ ಬೇಗ ಮಣಿಯುತ್ತದೆ. ಅಲ್ಲಿನದು ಜ್ವಾಲಾಮುಖಿಯ ಲಾವಾ ಆರಿ ಆದ ಬಸಾಲ್ಟ್. ಅಷ್ಟು ಗಡಸು ಕಲ್ಲಿನಲ್ಲಿ ಆ ಕೆಳದುಟಿಯ ಮೆದುವನ್ನು ಹೇಗೆ ತಂದರೋ, ನನಗೆ ಇಂದಿಗೂ ಬೆರಗು.

ಚರಿತ್ರೆಯ ನಂಟೂ ಇದೆ. ದ್ವೀಪದಲ್ಲಿ ಕಲಚುರಿ ಅರಸ ಕೃಷ್ಣರಾಜನ ನಾಣ್ಯಗಳು ಸಿಕ್ಕಿವೆ. ಗುಹೆ ಅವನ ಕಾಲದ್ದೆಂದು ಅನೇಕ ವಿದ್ವಾಂಸರ ಮತ. ಅವನ ಮೊಮ್ಮಗ ಬುದ್ಧರಾಜನನ್ನು ನಮ್ಮ ಚಾಲುಕ್ಯ ಮಂಗಳೇಶ ಸೋಲಿಸಿದ ವಿಷಯ ಮಹಾಕೂಟದ ಕಂಬದ ಶಾಸನದಲ್ಲಿದೆ. ಆಮೇಲೆ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ಎಂದು ಐಹೊಳೆ ಮೇಗುತಿಯ ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿ ಬರೆದಿದ್ದಾನೆ. ನೂರಾರು ಹಡಗುಗಳು ಮದಗಜಗಳ ಸಾಲಿನಂತೆ ಕಂಡವಂತೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವರ ವಾದ, ಬೇರೆ ಕಡೆ ಗುರುತಿಸುವವರೂ ಇದ್ದಾರೆ. ದೋಣಿಯಲ್ಲಿ ಕುಳಿತಾಗ ಮಕ್ಕಳಿಗೆ ಇದನ್ನು ಹೇಳಿ.

ಮಾರ್ಗದರ್ಶಿ ಬೇಕೇ ಎಂದರೆ, ಬೇಕು. ಸರ್ಕಾರದ ಪರವಾನಗಿಯ ಗುರುತಿನ ಚೀಟಿ ಕೊರಳಲ್ಲಿ ಇರುವವರನ್ನು ನೋಡಿ, ನಿಮ್ಮ ಕುಟುಂಬಕ್ಕೆ ಮಾತ್ರ ಎಂದು ಗೊತ್ತು ಮಾಡಿಕೊಳ್ಳಿ. ಮೊದಲೇ ಒಂದು ಮಾತು ಹೇಳಿಬಿಡಿ: "ಸದಾಶಿವನ ಮುಂದೆ ನಾವು ಅರ್ಧ ಗಂಟೆ ಕೂರುತ್ತೇವೆ, ಆಗ ನೀವು ಏನೂ ಹೇಳಬೇಕಾಗಿಲ್ಲ." ಒಪ್ಪಿದರೆ ಅವರು ಒಳ್ಳೆಯ ಮಾರ್ಗದರ್ಶಿ.

ಹುಬ್ಬಳ್ಳಿ ಸೊಸೆ

ಸರ್, ನಿಮ್ಮ ಬರಹವನ್ನು ಮಾವನವರಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ "ಬುರುಡೆ ನಾನು ಬರೆದೇ ಇಲ್ಲ ನೋಡು" ಎಂದರು. ಮುಂಗಡ ಕಟ್ಟಲಿಲ್ಲ. ಎರಡು ದಿನ ಮಾಡುತ್ತೇವೆ. ಅಲಿಬಾಗಿನ ಬಗ್ಗೆ ಗೊತ್ತಿದ್ದವರು ತಿಳಿಸಿ. ದೋಣಿಯ ಸುರಕ್ಷತೆಯ ಬಗ್ಗೆಯೂ. ಅತ್ತೆಗೆ ಒಳಗೊಳಗೇ ಭಯವಿದೆ.

ನೇರೂಳಿನ ಓದುಗ

ಭಯ ಸಹಜ. 2024ರ ಡಿಸೆಂಬರ್ 18ರಂದು ಘಾರಾಪುರಿಗೆ ಹೊರಟಿದ್ದ ದೋಣಿಗೆ ನೌಕಾಪಡೆಯ ವೇಗದೋಣಿ ಬಡಿದು 15 ಜನ ತೀರಿಕೊಂಡರು. ಆ ದಿನ ನನ್ನ ತಮ್ಮ ಅದೇ ಕಡಲಿನಲ್ಲಿ ಬೇರೊಂದು ದೋಣಿಯಲ್ಲಿದ್ದ. ಅವನ ಫೋನು ಸಿಗುವವರೆಗಿನ ಮುಕ್ಕಾಲು ಗಂಟೆಯನ್ನು ನಮ್ಮ ಮನೆಯವರು ಯಾರೂ ಮರೆತಿಲ್ಲ. ಹತ್ತಿದ ಕೂಡಲೇ ಜೀವರಕ್ಷಕ ಅಂಗಿ ಕೇಳಿ ಪಡೆದು ಹಾಕಿಕೊಳ್ಳಿ. ಸೆಖೆ ಎಂದು ಮಕ್ಕಳು ಬಿಚ್ಚಲು ಹೋದರೆ ಬಿಡಬೇಡಿ. ದೋಣಿ ತುಂಬಿ ತುಳುಕುತ್ತಿದ್ದರೆ ಹತ್ತಬೇಡಿ, ಹಿಂದೆಯೇ ಇನ್ನೊಂದು ಬರುತ್ತದೆ. ಮಳೆಗಾಲದಲ್ಲಿ ಮಾಂಡ್ವಾ ಕಡೆಗೆ ಗೇಟ್‌ವೇಯಿಂದ ದೋಣಿಗಳೇ ಇರುವುದಿಲ್ಲ. ಫೆಬ್ರವರಿಯಲ್ಲಿ ನೀರು ಸೌಮ್ಯ, ಅತ್ತೆಯವರಿಗೆ ಧೈರ್ಯ ಹೇಳಿ.

ಮೊಣಕಾಲಿನ ಬಗ್ಗೆ: ದೋಣಿ ಕಟ್ಟೆಯಿಂದ ಮೆಟ್ಟಿಲ ಬುಡದವರೆಗೆ ಪುಟಾಣಿ ರೈಲು ಇದೆ. ಮೆಟ್ಟಿಲಿಗೆ ಡೋಲಿ ಸಿಗುತ್ತದೆ. ನಾಲ್ಕು ಜನ ಕುರ್ಚಿ ಹೊತ್ತು ಮೇಲೆ ಒಯ್ಯುತ್ತಾರೆ. ದರವನ್ನು ಕುಳಿತುಕೊಳ್ಳುವ ಮೊದಲೇ ಮಾತಾಡಿಕೊಳ್ಳಿ. ಕೈಯಲ್ಲಿ ತಿಂಡಿ, ನೀರಿನ ಬಾಟಲಿ ಹಿಡಿದು ಹತ್ತಬೇಡಿ, ಕೋತಿಗಳು ಬಿಡುವುದಿಲ್ಲ.

ಕುಂದಾಪುರದ ಕಡಲು

ಅಲಿಬಾಗಿನ ಮಾತು ಬಂತಲ್ಲ, ನನಗೆ ಹೇಳಲು ಬಿಡಿ. ನಮ್ಮ ಮನೆಯವರು ಮೂರು ತಲೆಮಾರು ದೋಣಿಯವರು. ನಾನು ಮಾತ್ರ ಮಾಟುಂಗಾದ ಹೋಟೆಲಿಗೆ ಬಂದವನು, ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ.

ಅಲಿಬಾಗಿನ ಕುಲಾಬಾ ಕೋಟೆ ದಡದಿಂದ ತುಸು ದೂರ ಕಡಲಿನೊಳಗೆ ನಿಂತಿದೆ. ಶಿವಾಜಿ ಮಹಾರಾಜರು ಕಟ್ಟಿಸಲು ತೊಡಗಿದ್ದು, ಆಮೇಲೆ ಕಾನ್ಹೋಜಿ ಆಂಗ್ರೆಯ ನೌಕಾನೆಲೆಯಾಯಿತು. ಭರತದ, ಅಂದರೆ ಕಡಲು ಉಬ್ಬುವ ಹೊತ್ತಿನಲ್ಲಿ ಸುತ್ತ ನೀರು, ಇಳಿತದಲ್ಲಿ ನಡೆದೇ ಹೋಗಬಹುದು. ಪ್ಯಾಕೇಜಿನವರು "ಸಂಜೆ ಐದಕ್ಕೆ ಕೋಟೆ" ಎಂದು ವರ್ಷವಿಡೀ ಒಂದೇ ಸಮಯ ಅಚ್ಚು ಹಾಕಿಸುತ್ತಾರೆ. ಕಡಲು ಹಾಗೆ ಕೇಳುವುದಿಲ್ಲ. ಭರತ ಇಳಿತಗಳು ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಸರಿಯುತ್ತವೆ.

ಲೆಕ್ಕ ಸುಲಭ. ಮುಂಬೈ ಕಡಲಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಭರತ ನಡುಮಧ್ಯಾಹ್ನದ ಸುಮಾರಿಗೆ, ಇಳಿತ ಸಂಜೆ ಆರರ ಸುಮಾರಿಗೆ. ಅದಕ್ಕೆ ಎರಡು ಮೂರು ದಿನ ಮೊದಲು, ಅಂದರೆ ದ್ವಾದಶಿ ತ್ರಯೋದಶಿಗೆ, ಇಳಿತ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ಸಿಗುತ್ತದೆ. ಕೋಟೆಗೆ ಅದೇ ಒಳ್ಳೆಯ ಹೊತ್ತು. ಅಷ್ಟಮಿಯ ಆಸುಪಾಸಿನಲ್ಲಿ ಹೋಗಬೇಡಿ. ಆಗ ಭರತವೂ ಸಣ್ಣದು, ಇಳಿತವೂ ಸಣ್ಣದು, ನೀರು ಪೂರ್ತಿ ಸರಿಯುವುದಿಲ್ಲ. ಪಂಚಾಂಗ ನೋಡಿ ದಿನ ಗೊತ್ತು ಮಾಡಿ, ಉಬ್ಬರವಿಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ತಾಳೆ ನೋಡಿ, ಆ ದಿನ ದಡದಲ್ಲಿ ಮೀನುಗಾರರನ್ನೂ ಕೇಳಿ. ಇಳಿತ ಮುಗಿಯುವ ಒಂದು ಗಂಟೆ ಮೊದಲು ಒಳಗೆ ಹೋಗಿ, ಮುಗಿದ ಒಂದು ಗಂಟೆಯೊಳಗೆ ಹೊರಗೆ ಬನ್ನಿ. ಏರುವ ನೀರು ಮೊದಲು ದಾರಿಯ ತಗ್ಗುಗಳನ್ನು ತುಂಬುತ್ತದೆ, ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಮಾವನವರಿಗೆ ಕುದುರೆ ಗಾಡಿ ಮಾಡಿಸಿ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಕಡಲು, ಕೋಟೆಗಳ ನಡುವೆ ಒಂದು ವಿಷಯ ಸೇರಿಸುತ್ತೇನೆ, ಹನ್ನೆರಡು ವರ್ಷದ ಮಗುವಿಗೆ ಇಷ್ಟವಾಗಬಹುದು. ಅಲಿಬಾಗಿನಲ್ಲಿ ಭೂಕಾಂತತ್ವದ ವೀಕ್ಷಣಾಲಯವಿದೆ. ಮೊದಲು ಇದು ಮುಂಬೈಯ ಕೊಲಾಬಾದಲ್ಲಿತ್ತು. ಅಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದರು. ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾದಾಗ ಅದರ ವಿದ್ಯುತ್ತು ಸೂಕ್ಷ್ಮ ಸೂಜಿಗಳನ್ನು ಕದಡುತ್ತದೆಂದು 1904ರಲ್ಲಿ ಅಲಿಬಾಗಿಗೆ ಒಯ್ದರು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು ಲೆಕ್ಕ ಹೊಂದಿಸಿದರು. ಕಬ್ಬಿಣವಿರಬಾರದೆಂದು ಕಟ್ಟಡದಲ್ಲೂ ಕಾಂತಗುಣವಿಲ್ಲದ ವಸ್ತುಗಳನ್ನೇ ಬಳಸಿದರು. ಹೊರಗಿನಿಂದ ನೋಡಿದರೂ ಸಾಕು. ಮಗುವಿಗೆ ಒಂದು ದಿಕ್ಸೂಚಿ ಕೊಡಿಸಿ ಕರೆದುಕೊಂಡು ಹೋಗಿ.

ದಾದರಿನ ನಿವಾಸಿ

ಘಾರಾಪುರಿಯ ಆನೆಯನ್ನು ಯಾರೂ ನೆನೆಯಲಿಲ್ಲ. ಪೋರ್ಚುಗೀಸರು ಎಲಿಫೆಂಟಾ ಎಂದು ಕರೆದದ್ದೇ ದ್ವೀಪದಲ್ಲಿದ್ದ ಕಲ್ಲಾನೆಯಿಂದ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಎತ್ತುವಾಗ ಬಿದ್ದು ಚೂರಾಯಿತು. ಚೂರುಗಳನ್ನು 1914ರಲ್ಲಿ ಜೋಡಿಸಿದರು. ಈಗ ಬೈಕಲ್ಲಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗೆ ನಿಂತಿದೆ. ಬೆಸುಗೆಯ ಗೀರುಗಳು ಬರಿಗಣ್ಣಿಗೆ ಕಾಣುತ್ತವೆ. ಬೇರೆ ದಿನ ಹೋಗಿ ನೋಡಿ, ಬಿಡಬೇಡಿ.

ಹುಬ್ಬಳ್ಳಿ ಸೊಸೆ (ಮೂರು ವಾರಗಳ ನಂತರ)

ಹೋಗಿ ಬಂದೆವು. ನೀವೆಲ್ಲ ಅಷ್ಟು ಆಸ್ಥೆಯಿಂದ ಬರೆದಿದ್ದಕ್ಕೆ ವಿವರವಾಗಿ ಹೇಳುವುದು ನನ್ನ ಕರ್ತವ್ಯ.

ಘಾರಾಪುರಿಗೆ ಬುಧವಾರ ಮೊದಲ ದೋಣಿಯಲ್ಲೇ ಹೊರಟೆವು. ಎಲ್ಲರೂ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ಹಾಕಿಕೊಂಡೆವು. ಅತ್ತೆ ಅರ್ಧ ದಾರಿಯವರೆಗೆ ವೆಂಕಟೇಶ ಸ್ತೋತ್ರ ಹೇಳುತ್ತಿದ್ದರು, ಅಟಲ್ ಸೇತುವೆ ಕಂಡ ಮೇಲೆ ನಿಲ್ಲಿಸಿ "ಎಷ್ಟು ಉದ್ದವಿದೆಯೋ ಮಾರಾಯ" ಎಂದು ಮಗನನ್ನು ಕೇಳಿದರು. ಪುಲಕೇಶಿಯ ಹಡಗುಗಳ ಕಥೆ ಚಿಕ್ಕವನಿಗೆ ಹಿಡಿಸಿತು. ಲಂಗರು ಹಾಕಿದ್ದ ಪ್ರತಿ ಹಡಗನ್ನೂ ಆನೆ ಎಂದು ಎಣಿಸುತ್ತ ಬಂದ.

ಮಾವನವರು ಡೋಲಿ ಬೇಡ ಎಂದರು. ಮೆಟ್ಟಿಲಿನ ಎರಡೂ ಬದಿಗೆ ಅಂಗಡಿಗಳು, ಮೇಲೆ ನೀಲಿ ತಾಡಪಾಲಿನ ನೆರಳು. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಮಣಿಸರ ನೋಡುವ ನೆಪದಲ್ಲಿ ಕಾಲಿಗೆ ವಿಶ್ರಾಂತಿ ಕೊಟ್ಟರು. ಒಬ್ಬ ಅಂಗಡಿಯ ಹೆಂಗಸು ಸ್ಟೂಲು ಕೊಟ್ಟು ಕೂರಿಸಿದಳು. ತಾನು ಈ ದ್ವೀಪದವಳೇ, 2018ರಲ್ಲಿ ಕಡಲಡಿಯಲ್ಲಿ ತಂತಿ ಎಳೆದು ಕರೆಂಟು ಕೊಡುವವರೆಗೆ ಸಂಜೆ ಮೂರು ಗಂಟೆ ಮಾತ್ರ ಜನರೇಟರ್ ದೀಪದಲ್ಲಿ ಇದ್ದೆವು ಎಂದಳು.

ಟಿಕೆಟ್ ತಲೆಗೆ 40 ರೂಪಾಯಿ, ಮಕ್ಕಳಿಗೆ ಇಲ್ಲ. ಗುರುತಿನ ಚೀಟಿ ಇದ್ದ ಹಿರಿಯ ಮಾರ್ಗದರ್ಶಿಯೊಬ್ಬರು ಸಿಕ್ಕರು. ನಾನು ಬಾದಾಮಿ ಸರ್ ಹೇಳಿಕೊಟ್ಟ ಮಾತನ್ನೇ ಹಿಂದಿಯಲ್ಲಿ ಹೇಳಿದೆ. ಅವರು ಮಾವನವರ ಚೀಲದಿಂದ ಇಣುಕುತ್ತಿದ್ದ ಚಿತ್ರದ ಪುಸ್ತಕ ನೋಡಿ, "ಬನ್ನಿ, ಪೂರ್ವದ ಕಡೆಯಿಂದ ಹೋಗೋಣ, ಮೊದಲು ರಾವಣ" ಎಂದರು. ಕೈಲಾಸ ಅಲುಗಿಸುವ ರಾವಣ ತುಂಬ ಮುಕ್ಕಾಗಿದ್ದಾನೆ. ಮಕ್ಕಳು ಅವನ ಬೆನ್ನನ್ನು ಹುಡುಕಿ ಪತ್ತೆ ಮಾಡಿದರು. ಲಿಂಗದ ಗುಡಿಯ ನಾಲ್ಕು ಬಾಗಿಲಿಗೆ ಎಂಟು ದ್ವಾರಪಾಲಕರು, ಅವರ ಪಾದದ ಹತ್ತಿರ ನನ್ನ ಚಿಕ್ಕವನು ಗೊಂಬೆಯ ಹಾಗೆ ಕಂಡ.

ಸದಾಶಿವನ ಮುಂದೆ ಮಾವನವರು ಎದುರಿನ ಕಂಬದ ಬುಡಕ್ಕೆ ಒರಗಿ ಕುಳಿತರು. ಹತ್ತು ನಿಮಿಷ ಪೆನ್ಸಿಲ್ ತೆಗೆಯಲೇ ಇಲ್ಲ. ಆಮೇಲೆ ಬರೆಯತೊಡಗಿದರು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಹುಬ್ಬು, ಮೂಗು ಬಿಟ್ಟು, ಕೆಳದುಟಿಯ ಕೆಳಗಿನ ನೆರಳಿನಿಂದ ಶುರು ಮಾಡಿದರು. ಮೂರು ಸಲ ಒರೆಸಿದರು. ಮಾರ್ಗದರ್ಶಿ ಒಂದು ಮಾತೂ ಆಡದೆ, ನಡುವೆ ಬಂದು ನಿಲ್ಲುತ್ತಿದ್ದ ಜನರನ್ನು ಕೈಸನ್ನೆಯಿಂದ ಪಕ್ಕಕ್ಕೆ ಸರಿಸುತ್ತಿದ್ದರು. ಒಟ್ಟು ಒಂದು ಗಂಟೆ ಹತ್ತು ನಿಮಿಷ. ಅತ್ತೆ ಅಷ್ಟರಲ್ಲಿ ಮಕ್ಕಳನ್ನು ಕರೆದುಕೊಂಡು ಶಿವನ ಮದುವೆಯ ಶಿಲ್ಪವಾದ ಕಲ್ಯಾಣಸುಂದರನ ಮುಂದೆ ಪಾರ್ವತಿಯ ನಾಚಿಕೆಯನ್ನು ತೋರಿಸುತ್ತಿದ್ದರು, "ನಮ್ಮ ಕಡೆ ಧಾರೆ ಎರೆಯುವುದೂ ಹೀಗೆಯೇ" ಎಂದು.

ಅಲಿಬಾಗಿಗೆ ಶುಕ್ಲ ತ್ರಯೋದಶಿಯಂದು ಹೋಗಿ ಒಂದು ರಾತ್ರಿ ಉಳಿದೆವು. ಕುಂದಾಪುರದ ಅಣ್ಣನವರ ಲೆಕ್ಕ ನಿಮಿಷಕ್ಕೆ ನಿಮಿಷ ಅಲ್ಲದಿದ್ದರೂ ಹತ್ತಿರ ಹತ್ತಿರ ಸರಿಬಂತು. ಮೂರೂಕಾಲಿಗೆ ಕುದುರೆ ಗಾಡಿಯಲ್ಲಿ ಹೊರಟಾಗ ಚಕ್ರದ ಅರ್ಧದವರೆಗೆ ನೀರಿತ್ತು, ಹಿಂದಿರುಗುವಾಗ ಬರಿಯ ಒದ್ದೆ ಮರಳು, ಕಪ್ಪೆಚಿಪ್ಪು. ಕೋಟೆಯೊಳಗಿನ ಗಣಪತಿಗೆ ಕೈಮುಗಿದೆವು. ನಾಲ್ಕೂ ಕಡೆ ಉಪ್ಪುನೀರಿದ್ದರೂ ಒಳಗಿನ ಬಾವಿಯಲ್ಲಿ ಸಿಹಿನೀರು. ಗಾಲಿಯ ಮೇಲಿನ ಫಿರಂಗಿಯ ಪಕ್ಕದಲ್ಲಿ ದೊಡ್ಡ ಮಗಳು ದಿಕ್ಸೂಚಿ ಹಿಡಿದಳು. ಕಬ್ಬಿಣದ ಹತ್ತಿರ ಹೋದಂತೆ ಮುಳ್ಳು ತಿರುಗಿದ್ದನ್ನು ಕಂಡು ಉಪನ್ಯಾಸಕ ಸರ್ ಹೇಳಿದ ಟ್ರಾಮಿನ ಕಥೆಯನ್ನು ತಾನೇ ತಮ್ಮನಿಗೆ ವಿವರಿಸಿದಳು. ವೀಕ್ಷಣಾಲಯವನ್ನು ಹೊರಗಿನಿಂದ ನೋಡಿದೆವು. ಬರುವಾಗ ಅತ್ತೆ ಜಡೆ ಹೆಣೆದ ಬಿಳಿ ಈರುಳ್ಳಿಯ ಎರಡು ಸರ ಕೊಂಡರು, ಒಂದು ಹುಬ್ಬಳ್ಳಿಗೆ.

ಮೀರಾ ರೋಡಿನ ಅಕ್ಕ, ನಿಮ್ಮ ಮಾತೂ ನೆನಪಿಗೆ ಬಂತು. ದೋಣಿಯ ಕಟ್ಟೆಯ ಮೇಲೆ ಕಡಲಹಕ್ಕಿಗಳು ಬಂದಾಗ ಅತ್ತೆಯ ಮುಖ ನೋಡಿ, ಗುಹೆ ಕಾಣದಿದ್ದರೂ ಇವರಿಗೆ ಇಷ್ಟೇ ಸಾಕಾಗುತ್ತಿತ್ತು ಎನಿಸಿತು. ಮಾವನವರಿಗೆ ಸಾಕಾಗುತ್ತಿರಲಿಲ್ಲ.

ಬಾದಾಮಿಯ ಮಾರ್ಗದರ್ಶಿ

ಓದಿ ಕಣ್ಣು ತುಂಬಿತು ತಾಯಿ. ಬುರುಡೆ ಸಿಕ್ಕಿತೇ?

ಹುಬ್ಬಳ್ಳಿ ಸೊಸೆ

ಸಿಕ್ಕಿತು ಸರ್. ಎಲ್ಲರೂ ಹೊರಟು ನಿಂತಾಗ ಮಾವನವರು "ಒಂದು ನಿಮಿಷ" ಎಂದು ಒಬ್ಬರೇ ವಾಪಸ್ ಹೋದರು. ಪಶ್ಚಿಮದ ಕಡೆಯಿಂದ ಬೆಳಕು ಸ್ವಲ್ಪ ತಿರುಗಿತ್ತು. ಬಂದು ಪುಸ್ತಕ ತೆರೆದು ತೋರಿಸಿದರು. ಎಡಗಡೆಯ ಮುಖದ ಕೂದಲಿನ ನಡುವೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಬರೆದಿದ್ದರು. ಮಳೆ ಮುಗಿದ ಮೇಲೆ ಬಾದಾಮಿಗೆ ಬರುತ್ತಾರಂತೆ. ಅಲ್ಲಿನ ಮೇಣಬಸದಿ ಗುಹೆಗಳ ಮುಂದೆ ಎಷ್ಟು ಹೊತ್ತಿಗೆ ಬೆಳಕು ಚೆನ್ನಾಗಿರುತ್ತದೆ ಎಂದು ನಿಮ್ಮನ್ನು ಕೇಳಲು ಹೇಳಿದ್ದಾರೆ.